3 ಗ್ರಾಂ ಲೂರ್‌ಗೆ ಪುಟ್ಟ ಬೈಟ್‌ಕಾಸ್ಟಿಂಗ್ ರೀಲ್: ಬಿಚ್ಚಿ, ಅಳೆದು, ಎಸೆದು ನೋಡಿದ್ದು

ಮೀನು ಹಿಡಿಯಲು ಸಣ್ಣ ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಬೇಟೆ, ಎಸೆಯಬೇಕಾ, ಹಾಗಾದರೆ ಸ್ಪಿನ್ನಿಂಗ್ ರೀಲ್ ತಗೋ, ಬೈಟ್‌ಕಾಸ್ಟಿಂಗ್ ಸಹವಾಸ ಬೇಡ ಅನ್ನುವುದು ಹಳೆಯ ಬುದ್ಧಿಮಾತು. ಅದರಲ್ಲಿ ಹುರುಳಿದೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ಲೈನ್ (ದಾರ) ಸುತ್ತಿದ ಉರುಳೆ, ತಿರುಗುವುದೇ ಇಲ್ಲ. ಲೈನ್ ಅದರ ಅಂಚು ದಾಟಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಬೈಟ್‌ಕಾಸ್ಟಿಂಗ್‌ನಲ್ಲಿ ಲೂರ್ ಹಾರುತ್ತಾ ಸ್ಪೂಲನ್ನೂ ತಾನೇ ತಿರುಗಿಸಬೇಕು. 15 ಗ್ರಾಂ ಲೂರ್‌ಗೆ ಅದೇನು ಮಹಾ ಕೆಲಸವಲ್ಲ. 3 ಗ್ರಾಂ ಲೂರ್‌ಗೆ ಅದೇ ದೊಡ್ಡ ಹೊರೆ.

ಈ ಹೊರೆ ಇಳಿಸಲು ಜಪಾನಿನ ರೀಲ್ ತಯಾರಕರು ಬೇರೆ ಜಾತಿಯ ರೀಲನ್ನೇ ಬೆಳೆಸಿದರು. ಬೈಟ್ ಫಿನೆಸ್ ಸಿಸ್ಟಮ್, ಚಿಕ್ಕದಾಗಿ ಬಿಎಫ್ಎಸ್ ಅಂತ ಅದರ ಹೆಸರು. ಮಾಮೂಲಿ ರೀಲಿನ ಸ್ಪೂಲಿನ ವ್ಯಾಸ 34 ಮಿ.ಮೀ. ಆಸುಪಾಸು ಇದ್ದರೆ ಇವುಗಳದ್ದು 28ರಿಂದ 32 ಮಿ.ಮೀ. ಡೈವಾದ ಆಲ್ಫಾಸ್ ಏರ್ ರೀಲಿನದ್ದು 28. ಸ್ಪೂಲಿನ ಆಳ ಕಡಿಮೆ, ಗೋಡೆ ತೆಳು, ಮೈತುಂಬ ತೂತು. 50 ಮೀಟರ್ ಲೈನ್ ಹಿಡಿದರೆ ಸಾಕು, ಅಷ್ಟೇ.

ನನ್ನ ಮೇಜಿನ ಮೇಲಿರುವುದು ಅದೇ ಜಾತಿಯ ಒಂದು ಪುಟ್ಟ ರೀಲ್. ಹೆಸರು ಬಿಡಿ, ಬೇಕಿರುವುದು ಅದರ ಮೈಕಟ್ಟು. ಸ್ಪೂಲ್ 30 ಮಿ.ಮೀ., ಬರಿ ಸ್ಪೂಲಿನ ತೂಕ 8.5 ಗ್ರಾಂ, ಬ್ರೇಕ್ ಪೂರ್ತಿ ಆಯಸ್ಕಾಂತದ್ದು, ಗೇರ್ 7.1ಕ್ಕೆ 1, ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ 7.1 ಸುತ್ತು. ಕೈಯಲ್ಲಿ ಹಿಡಿದರೆ ಅಂಗೈ ಒಳಗೇ ಅಡಗುತ್ತದೆ. 2ರಿಂದ 5 ಗ್ರಾಂ ಲೂರ್‌ಗೆ ಇದು ನಿಜವಾಗಿ ಆಗುತ್ತದಾ, ಆಗದಿದ್ದರೆ ತಡೆಯುತ್ತಿರುವುದು ಏನು, ಅದನ್ನು ಮನೆಯಲ್ಲೇ ಸರಿಮಾಡಬಹುದಾ ಅನ್ನುವುದು ಈ ಕೆಲಸದ ಉದ್ದೇಶ.

ಬೆರಳಲ್ಲಿ ತಿರುಗಿಸಿ ನೋಡುವ ಪರೀಕ್ಷೆ

ರೀಲ್ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಸ್ಪೂಲನ್ನು ಬೆರಳಿನಿಂದ ಜೋರಾಗಿ ಉಜ್ಜಿ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆ ಅಂತ ಎಣಿಸುವುದು. ಜಾಸ್ತಿ ತಿರುಗಿದಷ್ಟೂ ಒಳ್ಳೆಯ ರೀಲ್ ಅನ್ನುವ ತೀರ್ಮಾನ. ಸಣ್ಣ ಲೂರ್ ವಿಷಯದಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಯಾಕೆ ಅಂದರೆ ಭಾರದ ಸ್ಪೂಲ್ ಒಮ್ಮೆ ತಿರುಗಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ಹಗುರ ಸ್ಪೂಲ್ ಬೇಗ ನಿಲ್ಲುತ್ತದೆ. ಬೇರಿಂಗ್ ಎರಡರಲ್ಲೂ ಒಂದೇ ಇದ್ದರೂ ಗಡಿಯಾರದ ಲೆಕ್ಕದಲ್ಲಿ ಭಾರದ್ದೇ ಗೆಲ್ಲುತ್ತದೆ. ನಮಗೆ ಬೇಕಿರುವುದು ಇದರ ಉಲ್ಟಾ. ಸುಲಭವಾಗಿ ಹೊರಡಬೇಕು, ಲೂರ್ ನಿಧಾನವಾದಾಗ ತಾನೂ ಸುಲಭವಾಗಿ ನಿಧಾನವಾಗಬೇಕು. ಎಷ್ಟು ಹೊತ್ತು ತಿರುಗುತ್ತದೆ ಅನ್ನುವುದು ಬೇರಿಂಗ್ ಪೂರ್ತಿ ಕೆಟ್ಟಿದೆಯಾ ಅಂತ ತಿಳಿಯಲು ಮಾತ್ರ ಸರಿ.

ಎಸೆಯುವಾಗ ಸ್ಪೂಲನ್ನು ಒತ್ತಿ ಹಿಡಿದ ಹೆಬ್ಬೆರಳು ಬಿಟ್ಟ ಕ್ಷಣದಲ್ಲಿ ಆಗುವುದನ್ನು ನೋಡಿ. ಲೂರ್ ಆಗಲೇ ವೇಗದಲ್ಲಿದೆ. ಸ್ಪೂಲ್ ನಿಂತಿದೆ. ಲೈನ್ ಅದನ್ನು ಎಳೆದು, ಅಂಚಿನ ವೇಗ ಲೂರ್‌ನ ವೇಗಕ್ಕೆ ಸಮನಾಗುವ ತನಕ ಓಡಿಸಬೇಕು. ಲೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿದೆ ಅಂದುಕೊಳ್ಳಿ. 30 ಮಿ.ಮೀ. ಸ್ಪೂಲಿನ ಸುತ್ತಳತೆ ಸುಮಾರು 94 ಮಿ.ಮೀ. ಅಂದರೆ ಸ್ಪೂಲ್ ನಿಮಿಷಕ್ಕೆ 12,000 ಸುತ್ತಿಗೂ ಜಾಸ್ತಿ ವೇಗಕ್ಕೆ ಏರಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ.

ಅಂಚಿನಲ್ಲಿರುವ ಪ್ರತಿ ಗ್ರಾಮೂ ಲೂರ್‌ನಷ್ಟೇ ವೇಗದಲ್ಲಿ ಓಡುತ್ತದೆ. ಹಾಗಾಗಿ ಅಂಚಿನ ಒಂದು ಗ್ರಾಂ, ಲೂರ್‌ನ ಒಂದು ಗ್ರಾಂ ತಿನ್ನುವಷ್ಟೇ ಶಕ್ತಿಯನ್ನು ತಿನ್ನುತ್ತದೆ. ನಡುವಿನ ಉಕ್ಕಿನ ಶಾಫ್ಟ್ ಎಷ್ಟೇ ತೂಗಲಿ, ಅದು ಮಧ್ಯದಲ್ಲೇ ಸುತ್ತುವುದರಿಂದ ಹೆಚ್ಚುಕಮ್ಮಿ ಲೆಕ್ಕಕ್ಕೇ ಬರುವುದಿಲ್ಲ. ತಕ್ಕಡಿಯಲ್ಲಿ ಕಾಣುವ ಸ್ಪೂಲ್ ತೂಕ ಪೂರ್ತಿ ಕಥೆ ಹೇಳುವುದಿಲ್ಲ. ಲೈನಿನ ತುದಿಗೆ ಆ ಸ್ಪೂಲ್ ಎಷ್ಟು ಗ್ರಾಂ ಆಗಿ ಕಾಣುತ್ತದೆ ಅನ್ನುವುದನ್ನು ಅಳೆಯಬೇಕು. ಆ ಸಂಖ್ಯೆಯನ್ನು ಇಲ್ಲಿ 'ಹೊರೆ' ಅಂತ ಕರೆಯುತ್ತೇನೆ.

ತೂಕ ಬೀಳಿಸಿ ಅಳೆಯುವುದು

ಇದಕ್ಕೆ ಲ್ಯಾಬ್ ಬೇಡ. ಬಾವಿಯ ರಾಟೆ ಭಾರವಾಗಿದ್ದರೆ ಖಾಲಿ ಕೊಡ ನಿಧಾನ ಇಳಿಯುತ್ತದಲ್ಲ, ಅದೇ ತತ್ವ.

ರೀಲನ್ನು ಎತ್ತರದಲ್ಲಿ ಕ್ಲ್ಯಾಂಪ್ ಹಾಕಿ ಕೂರಿಸಿದೆ. ಲೈನ್ ಹೊರಬರುವ ಬಾಯಿ (ಗೈಡ್) ನೇರ ಕೆಳಗೆ ಇರಬೇಕು, ಇಲ್ಲದಿದ್ದರೆ ಲೈನ್ ಗೈಡಿನ ಅಂಚಿಗೆ ಉಜ್ಜಿ ಲೆಕ್ಕ ಕೆಡುತ್ತದೆ. ಗೈಡ್ ಸ್ಪೂಲಿನ ನಟ್ಟನಡುವೆ ಬರುವಂತೆ ಹ್ಯಾಂಡಲ್ ತಿರುಗಿಸಿ ನಿಲ್ಲಿಸಿದೆ. ಬ್ರೇಕ್ ಸೊನ್ನೆ. ಸ್ಪೂಲಿನ ಶಾಫ್ಟನ್ನು ಒತ್ತಿ ಹಿಡಿಯುವ ಟೆನ್ಷನ್ ನಾಬ್ ಪೂರ್ತಿ ಸಡಿಲ. ಲೈನಿನ ತುದಿಗೆ 3 ಗ್ರಾಂ ಸೀಸದ ಗುಂಡು. ಗುಂಡಿನ ಕೆಳಗೆ ಸರಿಯಾಗಿ 2 ಮೀಟರ್‌ಗೆ ಗೋಡೆಯ ಮೇಲೆ ಟೇಪ್ ಗುರುತು. ಫೋನನ್ನು ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್‌ಗೆ ಹಾಕಿ, ರೀಲೂ ಗುರುತೂ ಎರಡೂ ಕಾಣುವಷ್ಟು ದೂರದಲ್ಲಿ ನಿಲ್ಲಿಸಿದೆ. ಹೆಬ್ಬೆರಳು ಬಿಟ್ಟ ಫ್ರೇಮಿನಿಂದ ಗುಂಡು ಗುರುತು ದಾಟಿದ ಫ್ರೇಮಿನ ತನಕ ಎಣಿಸಿದರೆ ಸಮಯ ಸಿಗುತ್ತದೆ.

ಯಾವುದಕ್ಕೂ ಕಟ್ಟದೆ ಬಿಟ್ಟ ಗುಂಡು 2 ಮೀಟರ್ ಬೀಳಲು 0.64 ಸೆಕೆಂಡ್ ಸಾಕು. ಸ್ಪೂಲನ್ನು ಎಳೆದುಕೊಂಡು ಬೀಳುವಾಗ ಜಾಸ್ತಿ ಹೊತ್ತು ಹಿಡಿಯುತ್ತದೆ. ಸಮಯ ಎರಡು ಪಟ್ಟಾದರೆ ಗುಂಡು ಒಟ್ಟು ಓಡಿಸುತ್ತಿರುವುದು ತನ್ನ ತೂಕದ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬಂದ ಉತ್ತರದಿಂದ ಗುಂಡಿನ 3 ಗ್ರಾಂ ಕಳೆದರೆ ಉಳಿದಿದ್ದು ಸ್ಪೂಲಿನ ಹೊರೆ.

ಡಬ್ಬಿಯಿಂದ ತೆಗೆದ ಹಾಗೇ, 60 ಮೀಟರ್ 6 ಪೌಂಡ್ (ಅಷ್ಟು ಎಳೆತ ತಡೆಯುವ) ಫ್ಲೋರೋಕಾರ್ಬನ್ ಲೈನ್ ಸುತ್ತಿ ಬಿಟ್ಟಾಗ 1.30 ಸೆಕೆಂಡ್ ಬಂತು. ಲೆಕ್ಕ ಹಾಕಿದರೆ ಹೊರೆ 9.4 ಗ್ರಾಂ. ಅಂದರೆ 3 ಗ್ರಾಂ ಲೂರ್ ಎಸೆದಾಗ ನನ್ನ ತೋಳಿನ ಶಕ್ತಿಯಲ್ಲಿ ಲೂರ್‌ಗೆ ಸಿಗುತ್ತಿರುವುದು ಕಾಲು ಭಾಗವೂ ಇಲ್ಲ. ಉಳಿದ ಮುಕ್ಕಾಲು ಸ್ಪೂಲಿನ ಹೊಟ್ಟೆಗೆ. ಆ ಶಕ್ತಿ ಅಲ್ಲೇ ಸುಮ್ನೆ ಕೂರುವುದೂ ಇಲ್ಲ, ಲೂರ್ ನಿಧಾನವಾದ ಮೇಲೂ ಸ್ಪೂಲನ್ನು ಓಡಿಸಿ ಲೈನನ್ನು ಸಿಕ್ಕು ಮಾಡುತ್ತದೆ. ದೂರ ಹೋಗದಿರುವುದು, ಸಿಕ್ಕಾಗುವುದು ಎರಡೂ ಬೇರೆ ಬೇರೆ ಕಾಯಿಲೆ ಅನ್ನಿಸುತ್ತದೆ, ಬೇರು ಮಾತ್ರ ಒಂದೇ.

ಈ 9.4ರಲ್ಲಿ ನಿಜವಾದ ಹೊರೆ ಎಷ್ಟು, ಬೇರಿಂಗಿನ ಘರ್ಷಣೆ ಎಷ್ಟು? ಇದನ್ನು ಬೇರೆ ಮಾಡಲು ಗುಂಡು ಬದಲಿಸಿದರೆ ಸಾಕು. 6 ಗ್ರಾಂ ಗುಂಡು ಕಟ್ಟಿ ಅದೇ ಲೆಕ್ಕ ಮಾಡಿದೆ. ಘರ್ಷಣೆ ಇಲ್ಲದಿದ್ದರೆ ಎರಡರಲ್ಲೂ ಒಂದೇ ಉತ್ತರ ಬರಬೇಕು, ಅಲ್ವಾ? ಬಂದಿದ್ದು 8.3. ಹಗುರ ಗುಂಡಿಗೆ ಸ್ಪೂಲ್ ಭಾರವಾಗಿ ಕಾಣುತ್ತಿದೆ, ಭಾರದ ಗುಂಡಿಗೆ ಹಗುರವಾಗಿ. ಇದು ಎಲ್ಲೋ ಹಿಡಿತ ಇದೆ ಅನ್ನುವುದರ ಗುರುತು. ರೀಲ್ ಬಿಚ್ಚಲು ಇಷ್ಟು ಕಾರಣ ಸಾಕು.

ಬೇರಿಂಗ್

ಪಕ್ಕದ ಮುಚ್ಚಳ ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಸ್ಪೂಲ್ ಹೊರಗೆ ಬಂತು. ಮುಚ್ಚಳದ ನಡುವೆ ಒಂದು ಪುಟ್ಟ ಬೇರಿಂಗ್, ಅದನ್ನು ಹಿಡಿದಿರುವುದು ಕೂದಲೆಳೆಯಂಥ ಸ್ಪ್ರಿಂಗ್ ಕ್ಲಿಪ್. ಇದನ್ನು ತೆಗೆಯುವಾಗ ರೀಲಿನ ಜೊತೆ ಕೈಯನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿಕೊಂಡೆ. ಹಾರಿದರೆ ಚೀಲದಲ್ಲೇ ಬೀಳಲಿ ಅಂತ. ಹಾರಿತು, ಚೀಲದಲ್ಲೇ ಬಿತ್ತು.

ಬೇರಿಂಗನ್ನು ಹಲ್ಲುಕಡ್ಡಿಗೆ ಸಿಕ್ಕಿಸಿ ತಿರುಗಿಸಿದರೆ ಎರಡು ಸುತ್ತಿಗೇ ನಿಂತಿತು. ಕೆರಕಲು ಸದ್ದು ಇಲ್ಲ, ಗುಳಿ ಬಿದ್ದ ಅನುಭವ ಇಲ್ಲ. ಬರೀ ಮಂದ. ಬೆಳಕಿಗೆ ಹಿಡಿದಾಗ ಕಾರಣ ಕಾಣಿಸಿತು. ಬೇರಿಂಗಿನೊಳಗಿನ ಗುಂಡುಗಳ ನಡುವೆ ಜೇನಿನ ಬಣ್ಣದ ದಪ್ಪ ಎಣ್ಣೆ ತುಂಬಿ ನಿಂತಿತ್ತು. ತುಕ್ಕು ಹಿಡಿಯದಿರಲಿ ಅಂತ ತಯಾರಕರು ಹೀಗೆ ಧಾರಾಳವಾಗಿ ಹಾಕುವುದುಂಟು. ಭಾರದ ಲೂರ್ ಎಸೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಲೈಟರ್‌ಗೆ ಹಾಕುವ ದ್ರವ (ಲೈಟರ್ ಫ್ಲೂಯಿಡ್) ಅಥವಾ ಐಸೋಪ್ರೊಪೈಲ್ ಆಲ್ಕೊಹಾಲ್, ಎರಡೂ ನಡೆಯುತ್ತದೆ. ಅಸಿಟೋನ್ ಬೇಡ, ಪ್ಲಾಸ್ಟಿಕ್ ಭಾಗ ಕರಗುತ್ತದೆ. ಸಣ್ಣ ಗಾಜಿನ ಬಾಟಲಿಯಲ್ಲಿ ಬೇರಿಂಗ್ ಮುಳುಗಿಸಿ ಕುಲುಕಿ, ದ್ರವ ಬದಲಿಸಿ ಮತ್ತೆ ಕುಲುಕಿದೆ. ಬಾಟಲಿಯ ತಳದಲ್ಲಿ ಕಪ್ಪು ಪುಡಿ ಕಾಣದಾಗುವ ತನಕ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು.

ಇನ್ನೊಂದು ಬೇರಿಂಗ್ ಸ್ಪೂಲಿನ ಶಾಫ್ಟ್ ಮೇಲೇ ಕೂತಿದೆ, ಅದರ ಹಿಂದೆ ಅಡ್ಡಲಾಗಿ ಒಂದು ಸಣ್ಣ ಪಿನ್. ಆ ಪಿನ್ ಒತ್ತಿ ತೆಗೆಯಲು ಅದಕ್ಕೇ ಅಂತ ಮಾಡಿದ ಉಪಕರಣ ಬೇಕು. ಸುತ್ತಿಗೆ ಮೊಳೆ ಹಿಡಿದು ಹೊಡೆದರೆ ಶಾಫ್ಟ್ ಬಾಗುತ್ತದೆ. ಬಾಗಿದ ಶಾಫ್ಟ್‌ಗೆ ಔಷಧಿ ಇಲ್ಲ, ಸ್ಪೂಲೇ ಹೊಸದು ತರಬೇಕು. ನಾನು ಪಿನ್ ಮುಟ್ಟಲಿಲ್ಲ. ಸ್ಪೂಲನ್ನು ನೇರ ಹಿಡಿದು ಆ ತುದಿಯನ್ನಷ್ಟೇ ದ್ರವದಲ್ಲಿ ಅದ್ದಿ ತಿರುಗಿಸಿದೆ. ಪೂರ್ತಿ ತೆಗೆದು ತೊಳೆದಷ್ಟು ಚೊಕ್ಕಟವಲ್ಲ, ಆದರೆ ಕೆಲಸ ಆಗುತ್ತದೆ.

ಒಣಗಿದ ಮೇಲೆ ತೆಳು ಎಣ್ಣೆ. ಸೂಜಿಯ ತುದಿಯಲ್ಲಿ ನಿಂತ ಒಂದು ಹನಿ ಒಂದು ಬೇರಿಂಗಿಗೆ. ಎರಡನೇ ಹನಿ ಹಾಕಬೇಕು ಅನ್ನಿಸುತ್ತದೆ, ಹಾಕಬೇಡಿ. ಎಣ್ಣೆ ಹೆಚ್ಚಾದರೆ ಗುಂಡುಗಳು ಅದನ್ನು ಕಡೆಯುತ್ತಾ ಕೂರುತ್ತವೆ. ಎಣ್ಣೆಯೇ ಇಲ್ಲದೆ ಒಣಗಿಸಿ ಓಡಿಸುವವರೂ ಇದ್ದಾರೆ. ಉಕ್ಕಿನ ಬೇರಿಂಗಿಗೆ ಅದು ಬೇಡ, ಬೇಗ ಸವೆಯುತ್ತದೆ, ತುಕ್ಕೂ ಹಿಡಿಯುತ್ತದೆ. ಸೆರಾಮಿಕ್ ಗುಂಡಿನ ಬೇರಿಂಗ್ ಹಾಕಿದರೆ ಹೇಗೆ ಅಂತ ಕೇಳಬಹುದು. ಸಿಲಿಕಾನ್ ನೈಟ್ರೈಡ್ ಗುಂಡು ಉಕ್ಕಿನ ಅರ್ಧದಷ್ಟೂ ತೂಗುವುದಿಲ್ಲ ನಿಜ. ಆದರೆ ಬೇರಿಂಗ್ ಇರುವುದು ಮಧ್ಯದಲ್ಲಿ, ಅಲ್ಲಿ ತೂಕ ಇಳಿಸಿ ಲಾಭ ಕಡಿಮೆ. ಸದ್ದು ಮಾತ್ರ ಜಾಸ್ತಿ. ಮೊದಲು ಇರುವುದನ್ನು ತೊಳೆದು ನೋಡುವುದು ವಾಸಿ.

ಮತ್ತೆ ಸೀಸದ ಗುಂಡು ಬಿಟ್ಟೆ. 1.30 ಇದ್ದದ್ದು 1.18 ಸೆಕೆಂಡ್ ಆಯಿತು. ಹೊರೆ 7.2 ಗ್ರಾಂ. 6 ಗ್ರಾಂ ಗುಂಡಿನಲ್ಲಿ 7.1. ಎರಡೂ ಈಗ ಹತ್ತಿರ ಬಂದಿವೆ, ಅಂದರೆ ಘರ್ಷಣೆ ಹೆಚ್ಚುಕಮ್ಮಿ ಹೋಯಿತು. ಇನ್ನು ಮೇಲೆ ಎಷ್ಟೇ ದುಬಾರಿ ಬೇರಿಂಗ್ ಹಾಕಿದರೂ ಕೆಳಗಿಳಿಯುವುದಕ್ಕೆ ಜಾಗ ಇಲ್ಲ. ಉಳಿದದ್ದು ಸ್ಪೂಲಿನ ಲೋಹ ಮತ್ತು ಅದರ ಮೇಲಿನ ಲೈನ್.

ಲೈನೂ ತೂಕವೇ

ಸ್ಪೂಲ್ ತಯಾರಕರು ಅರ್ಧ ಗ್ರಾಂ ಇಳಿಸಲು ತೂತು ಕೊರೆಯುತ್ತಾರೆ. ನಾವು ಅದರ ಮೇಲೆ ಗ್ರಾಂಗಟ್ಟಲೆ ಲೈನ್ ಸುತ್ತುತ್ತೇವೆ. ಅದೂ ಅಂಚಿನಲ್ಲೇ, ಹೊರೆ ಹೆಚ್ಚು ಬೀಳುವ ಜಾಗದಲ್ಲೇ.

ಲೆಕ್ಕ ಸುಲಭ. ಫ್ಲೋರೋಕಾರ್ಬನ್ ನೀರಿಗಿಂತ 1.78 ಪಟ್ಟು ಭಾರ. ನೈಲಾನ್ 1.14. ಹೆಣೆದ ಪಿಇ (ಪಾಲಿಎಥಿಲೀನ್) ಲೈನ್ 0.97, ನೀರಿನ ಮೇಲೆ ತೇಲುತ್ತದೆ. 0.205 ಮಿ.ಮೀ. ದಪ್ಪದ ಫ್ಲೋರೋಕಾರ್ಬನ್ 60 ಮೀಟರ್ ಸುಮಾರು 3.5 ಗ್ರಾಂ ಆಗುತ್ತದೆ. 0.148 ಮಿ.ಮೀ. ದಪ್ಪದ, ಅಂದರೆ 0.8 ನಂಬರಿನ ಪಿಇ 50 ಮೀಟರ್ ಒಂದು ಗ್ರಾಮೂ ಆಗುವುದಿಲ್ಲ. ಮಾಮೂಲಿ ರೀಲಿಗೆ 12 ಪೌಂಡ್ ಫ್ಲೋರೋಕಾರ್ಬನ್ 100 ಮೀಟರ್ ಸುತ್ತಿದರೆ ಲೈನೊಂದೇ 11 ಗ್ರಾಂ ದಾಟುತ್ತದೆ. ಅಂಥ ರೀಲಿನಲ್ಲಿ 3 ಗ್ರಾಂ ಹೋಗಲಿಲ್ಲ ಅಂತ ಗೊಣಗಿದರೆ ರೀಲ್ ಏನು ಮಾಡೀತು?

ಹಾಗಂತ ಆಳದ ಸ್ಪೂಲಿಗೆ ಕಡಿಮೆ ಲೈನ್ ಸುತ್ತಿಬಿಟ್ಟರೆ ಆಯಿತಲ್ಲ ಅಂದರೆ, ಆಗುವುದಿಲ್ಲ. ಲೈನ್ ತಳದಲ್ಲಿದ್ದರೆ ಅದು ಹೊರಬರುವ ಸುತ್ತಳತೆ ಚಿಕ್ಕದು, ಸ್ಪೂಲ್ ಇನ್ನೂ ಜೋರಾಗಿ ತಿರುಗಬೇಕು, ಅಂಚಿನ ಲೋಹ ಲೂರ್‌ಗಿಂತ ವೇಗವಾಗಿ ಓಡುತ್ತದೆ. ಹೊರೆ ಏರುತ್ತದೆ. ಕಡಿಮೆ ಲೈನೇ ಅಂಚಿನವರೆಗೆ ತುಂಬುವಂಥ ಆಳವಿಲ್ಲದ ಸ್ಪೂಲ್ ಬೇಕು ಅನ್ನುವುದು ಇದಕ್ಕೇ.

ಪಿಇ 0.8 ಅನ್ನು 50 ಮೀಟರ್ ಸುತ್ತಿ ಗುಂಡು ಬಿಟ್ಟೆ. 1.09 ಸೆಕೆಂಡ್. ಹೊರೆ 5.7 ಗ್ರಾಂ. ಅಂಚಿನವರೆಗೆ ತುಂಬಲಿ ಅಂತ ಅದನ್ನೇ 100 ಮೀಟರ್ ಸುತ್ತಿದಾಗ 5.9. ಒಂದು ಕಡೆ ಸುತ್ತಳತೆ ದೊಡ್ಡದಾಯಿತು, ಇನ್ನೊಂದು ಕಡೆ ಲೈನ್ ತೂಕ ಏರಿತು, ಸರಿಗೆ ಸರಿ. 50 ಮೀಟರನ್ನೇ ಉಳಿಸಿಕೊಂಡೆ. ಹಗುರ ಲೂರ್‌ಗೆ ಅಷ್ಟು ಬೇಕಾದಷ್ಟಾಯಿತು. ಮೀನು ಓಡಿದರೂ ಬೇಕಾದಷ್ಟು ಮಿಗುತ್ತದೆ.

ಪಿಇ ನುಣುಪು. ಬರೀ ಲೋಹದ ಮೇಲೆ ಕಟ್ಟಿದರೆ ಗಂಟು ಬಿಗಿಯಾಗಿದ್ದರೂ ಸುತ್ತಿದ ಲೈನೆಲ್ಲ ಒಟ್ಟಿಗೆ ಜಾರಿ ತಿರುಗುತ್ತದೆ. ಹ್ಯಾಂಡಲ್ ತಿರುಗಿಸುತ್ತೀರಿ, ಲೈನ್ ಬರುವುದಿಲ್ಲ, ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ಹಿಡಿತ) ಕೆಟ್ಟಿದೆ ಅನ್ನಿಸುತ್ತದೆ. ತೂತಿರುವ ಸ್ಪೂಲಿನಲ್ಲಿ ಲೈನನ್ನು ಒಂದು ತೂತಿನೊಳಗೆ ತೂರಿಸಿ, ಪಕ್ಕದ ತೂತಿನಿಂದ ಹೊರತೆಗೆದು ಕಟ್ಟಿದರೆ ಈ ತಾಪತ್ರಯ ಇಲ್ಲ. ಗಂಟಿನ ಬಾಲವನ್ನು ತೀರಾ ಗಿಡ್ಡವಾಗಿ ಕತ್ತರಿಸಿ. ಆಳವಿಲ್ಲದ ಸ್ಪೂಲಿನಲ್ಲಿ ಆ ಉಬ್ಬು ಕೊನೆಯ ಪದರದವರೆಗೂ ಕಾಣುತ್ತದೆ, ಸ್ಪೂಲ್ ಒಂದು ಕಡೆ ಭಾರವಾಗಿ ನಡುಗುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನ್ ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲ ಸುತ್ತಿದರೆ ದೊಡ್ಡ ಎಳೆತ ಬಿದ್ದಾಗ ಮೇಲಿನ ಪದರ ಕೆಳಗಿನದರಲ್ಲಿ ಹೂತುಕೊಳ್ಳುತ್ತದೆ. ಮುಂದಿನ ಎಸೆತದಲ್ಲಿ ಲೂರ್ ಅರ್ಧ ದಾರಿಯಲ್ಲೇ ಝಗ್ ಅಂತ ನಿಲ್ಲುತ್ತದೆ, ಲೈನ್ ಕಡಿದರೂ ಕಡಿಯಿತು.

ಪಿಇಗೆ ಇನ್ನೊಂದು ಗುಣ ಇದೆ. ಎಳೆಗಳ ನಡುವೆ ನೀರು ಹಿಡಿಯುತ್ತದೆ. ಒಣಗಿದ ಲೈನಿನಲ್ಲಿ ಸರಿ ಮಾಡಿಟ್ಟ ಬ್ರೇಕ್, ಕೆಲವು ಎಸೆತ ಆಗಿ ಲೈನ್ ನೆಂದ ಮೇಲೆ ಸರಿಯಾಗಿರುವುದಿಲ್ಲ. ಸೆಟ್ಟಿಂಗ್ ಯಾವತ್ತೂ ನೆಂದ ಲೈನಿನಲ್ಲೇ ಮಾಡಿ. ಗಾಳಿ ಇದ್ದ ದಿನ ಪಿಇ ಬಿಲ್ಲಿನಂತೆ ಬಾಗುತ್ತದೆ, ಅಂಥ ದಿನ ಫ್ಲೋರೋಕಾರ್ಬನ್ ಸ್ಪೂಲೇ ವಾಸಿ.

ಬ್ರೇಕ್

ಆಯಸ್ಕಾಂತದ ಬ್ರೇಕ್ ಸ್ಪೂಲನ್ನು ಮುಟ್ಟುವುದಿಲ್ಲ. ಅಲ್ಯುಮಿನಿಯಂ ಸ್ಪೂಲ್ ಆಯಸ್ಕಾಂತದ ಮುಂದೆ ತಿರುಗಿದಾಗ ಲೋಹದೊಳಗೆ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ, ಅದು ತಿರುಗುವುದನ್ನೇ ತಡೆಯುತ್ತದೆ. ಆಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸುವುದು ಕಷ್ಟವಾಗುತ್ತದೆ, ತಟ್ಟೆ ಬಿಸಿಯಾಗುತ್ತದೆ ಅಂತ ಫ್ರಾನ್ಸಿನ ಫೂಕೋ 1855ರಲ್ಲೇ ತೋರಿಸಿದ್ದ. ಈ ತಡೆ ವೇಗ ಹೆಚ್ಚಿದಂತೆ ಹೆಚ್ಚುತ್ತದೆ, ವೇಗ ಇಳಿದಂತೆ ಇಳಿಯುತ್ತದೆ. ಹಗುರ ಲೂರ್‌ಗೆ ಬೇಕಿರುವುದು ಇದೇ. ಹೊರಡುವಾಗ ಗಟ್ಟಿ ಹಿಡಿತ, ಕೊನೆಯಲ್ಲಿ ಬಿಟ್ಟುಕೊಡುವ ಹಿಡಿತ.

ಟೆನ್ಷನ್ ನಾಬ್ ಹಾಗಲ್ಲ. ಅದು ಶಾಫ್ಟಿನ ತುದಿಯನ್ನು ಒತ್ತಿ ಹಿಡಿಯುತ್ತದೆ. ಜೋರಿದ್ದರೂ ನಿಧಾನ ಇದ್ದರೂ ಅಷ್ಟೇ ಹಿಡಿತ. ಲೂರ್‌ನ ಶಕ್ತಿ ಮುಗಿಯುತ್ತಾ ಬಂದಾಗಲೂ ಬಿಡುವುದಿಲ್ಲ. "ಲೂರ್ ನಿಧಾನ ಇಳಿಯುವಷ್ಟು ನಾಬ್ ಬಿಗಿ ಮಾಡಿ" ಅನ್ನುವ ಹಳೆಯ ಪಾಠ ದೊಡ್ಡ ಲೂರ್‌ಗೆ ಸರಿ. 3 ಗ್ರಾಂಗೆ ಹಾಗೆ ಮಾಡಿದರೆ ಎಸೆತ ಅಲ್ಲೇ ಸತ್ತುಹೋಗುತ್ತದೆ. ಸ್ಪೂಲನ್ನು ಬೆರಳಲ್ಲಿ ಎಡಕ್ಕೆ ಬಲಕ್ಕೆ ಅಲುಗಿಸಿ, ಟಕ್ ಅನ್ನುವ ಆಟ ಇನ್ನೇನು ಹೋಯಿತು ಅನ್ನುವಲ್ಲಿ ನಾಬ್ ನಿಲ್ಲಿಸಿ. ಆಮೇಲೆ ಅದನ್ನು ಮರೆತುಬಿಡಿ. ಉಳಿದದ್ದೆಲ್ಲ ಬ್ರೇಕ್ ಡಯಲ್ ಮತ್ತು ಹೆಬ್ಬೆರಳಿನ ಕೆಲಸ.

ಈ ರೀಲಿನ ಡಯಲ್ 0ಯಿಂದ 10. ಗುಂಡು ಬೀಳಿಸಿ ಒಂದೊಂದೇ ಅಂಕಿ ನೋಡಿದಾಗ 0ಗೂ 4ಕ್ಕೂ ವ್ಯತ್ಯಾಸವೇ ಕಾಣಲಿಲ್ಲ. 6ರಿಂದ ಹಿಡಿತ ಶುರು. 8 ದಾಟಿದರೆ ಒಂದೊಂದು ಕ್ಲಿಕ್ಕಿಗೂ ಜಾಸ್ತಿ. ಡಯಲ್ ಮಾಡುವುದು ಆಯಸ್ಕಾಂತವನ್ನು ಸ್ಪೂಲಿನ ಹತ್ತಿರ ದೂಡುವ ಕೆಲಸ, ಅಷ್ಟೇ. ಹತ್ತಿರವಾದಷ್ಟೂ ಅದರ ಬಲ ಸಮಸಮವಾಗಿ ಏರದೆ ಕೊನೆಯಲ್ಲಿ ಒಮ್ಮೆಗೇ ಏರುತ್ತದೆ. ಗುಂಡಿನ ವೇಗ ಎಸೆತದ ವೇಗದ ಹತ್ತಿರಕ್ಕೂ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಎಸೆಯುವಾಗ 4ರಲ್ಲೂ ಸ್ವಲ್ಪ ಹಿಡಿತ ಇರುತ್ತದೆ.

ಕೆಲವು ಆಯಸ್ಕಾಂತ ತೆಗೆದುಬಿಟ್ಟರೆ ದೂರ ಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಎರಡು ತೆಗೆದು ನೋಡಿದೆ. ಪುಟ್ಟ ಬಟ್ಟಲಿನಂಥ ಗೂಡುಗಳಲ್ಲಿ ಅವು ಕೂತಿರುತ್ತವೆ, ಕಬ್ಬಿಣದ ಸ್ಕ್ರೂಡ್ರೈವರ್ ತುದಿ ತೋರಿಸಿದರೆ ತಾವೇ ಎದ್ದು ಅಂಟಿಕೊಳ್ಳುತ್ತವೆ. ತೆಗೆಯುವ ಮೊದಲು ಮೇಲ್ಮುಖಕ್ಕೆ ಮಾರ್ಕರ್ ಚುಕ್ಕೆ ಇಡಿ. ತಲೆಕೆಳಗಾಗಿ ವಾಪಸ್ ಹಾಕಿದರೆ ಪಕ್ಕದ್ದರ ಜೊತೆಗಿನ ಧ್ರುವದ ಜೋಡಣೆ ಕೆಟ್ಟು ಬ್ರೇಕ್ ಬೇರೆಯದೇ ಥರ ಆಗುತ್ತದೆ. ಗಾಳಿ ಇಲ್ಲದಾಗ ಎರಡು ಕಡಿಮೆ ಇದ್ದದ್ದು ಚೆನ್ನಾಗೇ ಇತ್ತು. ಎದುರು ಗಾಳಿಯಲ್ಲಿ ಡಯಲ್ 10ಕ್ಕೆ ಹಾಕಿದರೂ ಸಾಲಲಿಲ್ಲ. ಹಗುರ ಲೂರ್‌ಗೆ ಗಾಳಿ ಬೇಗ ಲಗಾಮು ಹಾಕುತ್ತದೆ, ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ. ಆಗ ಬ್ರೇಕ್ ಬೇಕೇ ಬೇಕು. ಎರಡನ್ನೂ ವಾಪಸ್ ಹಾಕಿದೆ. ಬ್ರೇಕ್ ಕಡಿಮೆ ಮಾಡಿ ದೂರ ಗಳಿಸುವುದಕ್ಕಿಂತ, ಬ್ರೇಕ್ ಬೇಕಾಗದಷ್ಟು ಹೊರೆ ಇಳಿಸುವುದು ಸರಿಯಾದ ದಾರಿ.

ಡ್ರ್ಯಾಗ್, ಗೇರ್

ಇದು ಬೇಗ ಮುಗಿಯಿತು. 6 ಪೌಂಡ್ ಲೀಡರ್, ಅಂದರೆ ಲೂರ್‌ಗೆ ಕಟ್ಟುವ ತುದಿಯ ಲೈನ್, ಸುಮಾರು 2.7 ಕೆಜಿ ತಡೆಯುತ್ತದೆ. ಅದರ ಕಾಲು ಭಾಗ, 0.7 ಕೆಜಿಗೆ ಡ್ರ್ಯಾಗ್ ಇಟ್ಟು, ನೇತುಹಾಕುವ ಡಿಜಿಟಲ್ ತಕ್ಕಡಿಯಿಂದ ಎಳೆದೆ. ನೋಡಬೇಕಾದ್ದು ಎಷ್ಟು ಬಿಗಿ ಆಗುತ್ತದೆ ಅನ್ನುವುದಲ್ಲ. ಜಾರಲು ಶುರುವಾಗುವ ಮೊದಲ ಜರ್ಕು ಎಷ್ಟು, ಆಮೇಲಿನ ಓಟ ಎಷ್ಟು, ಇವೆರಡರ ಅಂತರ. ಈ ರೀಲ್ 0.9ಕ್ಕೆ ಹೊರಟು 0.7ಕ್ಕೆ ಇಳಿಯುತ್ತಿತ್ತು. ಕಾರ್ಬನ್ ವಾಷರ್‌ಗಳನ್ನು ಒರೆಸಿ, ಡ್ರ್ಯಾಗ್ ಗ್ರೀಸನ್ನು ಬೆರಳಿಗೆ ಅಂಟಿದ್ದಷ್ಟೇ ಸವರಿ ಜೋಡಿಸಿದ ಮೇಲೆ ಅಂತರ ಹೆಚ್ಚುಕಮ್ಮಿ ಇಲ್ಲವಾಯಿತು. ಗೇರಿನ ಗ್ರೀಸ್ ಸರಿಯಾಗೇ ಇತ್ತು, ಮುಟ್ಟಲಿಲ್ಲ.

ಒಂದು ಸುತ್ತಿಗೆ ಲೈನ್ ಎಷ್ಟು ಬರುತ್ತದೆ ಅನ್ನುವುದು ಕೊಳ್ಳುವಾಗಲೇ ನೋಡಬೇಕಾದ ವಿಷಯ. ಸ್ಪೂಲ್ ಪುಟ್ಟದಾದಷ್ಟೂ ಅದು ಇಳಿಯುತ್ತದೆ. ಇದರಲ್ಲಿ ಹ್ಯಾಂಡಲ್ ಒಂದು ಸುತ್ತಿಗೆ 67 ಸೆಂ.ಮೀ. ಅದೇ ಗೇರ್ 34 ಮಿ.ಮೀ. ಸ್ಪೂಲಿನಲ್ಲಿ ಇದ್ದಿದ್ದರೆ 76 ಬರುತ್ತಿತ್ತು. ಹಾಗಾಗಿಯೇ ಬಿಎಫ್ಎಸ್ ರೀಲುಗಳಲ್ಲಿ 8ಕ್ಕೆ 1ರ ಗೇರ್ ಜಾಸ್ತಿ ಕಾಣುವುದು. ನಿಧಾನ ಎಳೆಯುವ ಪುಟ್ಟ ಮಿನೋ, ಸ್ಪೂನ್ ಥರದ ಲೂರ್‌ಗಳಿಗೆ 67 ನನಗೆ ಹಿತವಾಗಿದೆ. ಮೀನು ನಮ್ಮ ಕಡೆಗೇ ಓಡಿ ಬಂದಾಗ ಮಾತ್ರ ಕೈ ಜೋರು ಮಾಡಬೇಕು.

ಎಸೆತ

ಗಾಳಿಯಿಲ್ಲದ ಬಯಲಲ್ಲಿ, ಕೊಕ್ಕೆ ತೆಗೆದ ಲೂರ್‌ಗಳಿಂದ, ನೆಲದ ಮೇಲೆ ಟೇಪ್ ಹಾಸಿ ನೋಡಿದೆ. ಅದೇ ರಾಡ್, ಅದೇ ಪಕ್ಕದ ಎಸೆತ. ರಾಡ್ ಇಲ್ಲಿ ಅರ್ಧ ಆಟ. 3 ಗ್ರಾಂಗೆ ಬಾಗದ ರಾಡ್ ಹಿಡಿದು ಈ ರೀಲ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ರಾಡ್ ಬಾಗದಿದ್ದರೆ ತೋಳು ಬೀಸುತ್ತದೆ, ತೋಳು ಬೀಸಿದರೆ ಸ್ಪೂಲ್ ಒಮ್ಮೆಲೇ ಹಾರುತ್ತದೆ, ಸಿಕ್ಕು ಗ್ಯಾರಂಟಿ. 5 ಗ್ರಾಂ ಒಳಗಿನ ಲೂರ್‌ಗೆ ಅಂತಲೇ ಮಾಡಿದ, ತುದಿ ಮೆತ್ತಗಿರುವ ರಾಡ್ ಬೇಕು.

ಡಬ್ಬಿಯಿಂದ ತೆಗೆದ ಸ್ಥಿತಿಯಲ್ಲಿ 3 ಗ್ರಾಂ ಸ್ಪೂನ್ 17 ಮೀಟರ್ ಸುತ್ತಮುತ್ತ ಬೀಳುತ್ತಿತ್ತು. ಬೇರಿಂಗ್ ತೊಳೆದು, ಪಿಇ ಹಾಕಿದ ಮೇಲೆ 22. 2 ಗ್ರಾಂ 12ರಿಂದ 15ಕ್ಕೆ ಬಂತು. 5 ಗ್ರಾಂ 27 ಇದ್ದದ್ದು 29, ಅಷ್ಟೇ. 5 ಗ್ರಾಮಿಗೆ ಬಂದಾಗ ಲಾಭ ಕರಗಿದ್ದು ಹೊರೆಯ ಲೆಕ್ಕಕ್ಕೆ ಸರಿಯಾಗೇ ಇದೆ. ಭಾರದ ಲೂರ್‌ಗೆ ಸ್ಪೂಲ್ ಮೊದಲೂ ದೊಡ್ಡ ಹೊರೆಯಾಗಿರಲಿಲ್ಲ.

ಎಲ್ಲ 3 ಗ್ರಾಮೂ ಒಂದೇ ಅಲ್ಲ. ಅದೇ ತೂಕದ ಉಬ್ಬುಹೊಟ್ಟೆಯ ಕ್ರ್ಯಾಂಕ್‌ಬೈಟ್ 15 ಮೀಟರ್ ದಾಟಲು ಒದ್ದಾಡಿತು. ಗಾಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಸ್ಪೂನ್‌ಗೆ ಡಯಲ್ 5 ಸಾಕಾದರೆ ಇದಕ್ಕೆ 7 ಬೇಕಾಯಿತು. ಲೂರ್ ಬದಲಿಸಿದಾಗ ತೂಕ ಒಂದೇ ಇದೆ ಅಂತ ಡಯಲ್ ಮುಟ್ಟದೆ ಬಿಟ್ಟರೆ ಸಿಕ್ಕು ಬಿಡಿಸುತ್ತಾ ಕೂರಬೇಕಾಗುತ್ತದೆ.

ನನ್ನ ಮಟ್ಟಿಗೆ ಈ ರೀಲಿನ ನಿಜವಾದ ಲಾಭ ಆ 5 ಮೀಟರ್ ಅಲ್ಲ. ಒಂದೊಳ್ಳೆ ಸ್ಪಿನ್ನಿಂಗ್ ರೀಲ್ 3 ಗ್ರಾಮನ್ನು ಇದಕ್ಕಿಂತ ದೂರ ಎಸೆಯುತ್ತದೆ, ಒಪ್ಪಿಕೊಳ್ಳೋಣ. ಆದರೆ ಬಾಗಿದ ಕೊಂಬೆಯ ಕೆಳಗೆ 10 ಮೀಟರ್ ದೂರದ ಒಂದು ಮೊರದಗಲ ಜಾಗಕ್ಕೆ ಲೂರ್ ಇಳಿಸಬೇಕಾದಾಗ, ಹೆಬ್ಬೆರಳು ಸ್ಪೂಲಿನ ಅಂಚಿಗೆ ತಾಗಿಸಿ ಲೂರನ್ನು ಗಾಳಿಯಲ್ಲೇ ನಿಧಾನ ಮಾಡಿ ಸದ್ದಿಲ್ಲದೆ ಇಳಿಸುವುದು ಇದರಲ್ಲಿ ಸಾಧ್ಯ. ಹೊರೆ ಇಳಿದ ಮೇಲೆ ಹೆಬ್ಬೆರಳಿಗೆ ಸ್ಪೂಲ್ ಕೇಳುವಂತಾಗಿದೆ. ಮೊದಲು ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಓಡುತ್ತಿತ್ತು, ನಡುವೆ ಏನೂ ಇರಲಿಲ್ಲ.

ಯಾರಿಗೆ ಬೇಡ ಅಂತಲೂ ಹೇಳಬೇಕು. ವಾರಕ್ಕೊಮ್ಮೆ 10 ಗ್ರಾಂ ಲೂರ್ ಎಸೆಯುವವರಿಗೆ ಇದರಿಂದ ಉಪಯೋಗ ಇಲ್ಲ, ಸ್ಪೂಲ್ ತೆಳು, ಲೈನ್ ಕಡಿಮೆ. ಬಯಲು ನೀರಿನಲ್ಲಿ ದೂರವೇ ಮುಖ್ಯ ಅನ್ನುವವರಿಗೆ ಸ್ಪಿನ್ನಿಂಗೇ ಸರಿ. ದಡದ ಪೊದೆ, ಕಲ್ಲುಸಂದು, ಚಿಕ್ಕ ತೊರೆ, ಇಂಥ ಕಡೆ ಪುಟ್ಟ ಲೂರ್ ಹಿಡಿದು ಗುರಿ ನೋಡಿ ಎಸೆಯುವವರಿಗೆ ಇದು ಚೆನ್ನಾಗಿ ದುಡಿಯುತ್ತದೆ.

ಉಳಿದಿರುವ ಕೆಲಸ ಎರಡು. ಶಾಫ್ಟ್ ಮೇಲಿನ ಬೇರಿಂಗಿಗೆ ಪಿನ್ ತೆಗೆಯುವ ಉಪಕರಣ ತಂದು ಅದನ್ನೂ ಪೂರ್ತಿ ತೊಳೆಯಬೇಕು, 7.2ಕ್ಕೂ 7.1ಕ್ಕೂ ನಡುವಿನ ಆ ಚೂರು ಅಂತರ ಅಲ್ಲಿಂದಲೇ ಬರುತ್ತಿದೆ ಅಂತ ನನ್ನ ಗುಮಾನಿ. ಇನ್ನೊಂದು, ಇದಕ್ಕೇ ಹೊಂದುವ 6 ಗ್ರಾಮಿನ ಬೇರೆ ಸ್ಪೂಲ್ ಸಿಗುತ್ತದೆ. ಸಿಕ್ಕಾಗ ಮೊದಲು ತಕ್ಕಡಿಗೆ ಹಾಕುವುದಿಲ್ಲ, ಗುಂಡು ಕಟ್ಟಿ ಬೀಳಿಸುತ್ತೇನೆ. ಇಳಿಸಿದ ಆ 2.5 ಗ್ರಾಂ ಅಂಚಿನದ್ದೋ, ಶಾಫ್ಟಿನದ್ದೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.